ದೊಡ್ಡಮ್ಮನ ಪೌತಿ ಖಾತೆ

ಬೆಳಗ್ಗೆಯಿಂದ ಮನಸ್ಸು ಕುದಿಯುತ್ತಿದೆ. ದೊಡ್ಡಮ್ಮನ ಜೊತೆ ಐದನೇ ಸಲ ಕಂದಾಯ ಕಚೇರಿಗೆ ಹೋಗಿದ್ದೆ. ದೊಡ್ಡಪ್ಪ ತೀರಿಕೊಂಡಿದ್ದು ನಿಮಗೆಲ್ಲ ಗೊತ್ತು. ಎರಡು ಎಕರೆ ಮೆಕ್ಕೆಜೋಳದ ಹೊಲ, ಪಹಣಿಯಲ್ಲಿ ಇನ್ನೂ ಅವರ ಹೆಸರೇ ಇದೆ. ಪೌತಿ ಖಾತೆ ಆಗಬೇಕು, ಅಂದರೆ ತೀರಿಕೊಂಡವರ ಹೊಲ ವಾರಸುದಾರರ ಹೆಸರಿಗೆ ಬರಬೇಕು, ಅಷ್ಟೇ. ಮರಣ ಪ್ರಮಾಣಪತ್ರ, ವಂಶವೃಕ್ಷ ಎಲ್ಲ ಕೊಟ್ಟಾಗಿದೆ.

ಅಲ್ಲಿದ್ದವನು ತಲೆ ಎತ್ತದೇ, "ಹೊರಗೆ ಜೆರಾಕ್ಸ್ ಅಂಗಡಿ ಹತ್ರ ಒಬ್ರು ಇರ್ತಾರೆ, ಮಾತಾಡ್ಕೊಂಡು ಬಾರಮ್ಮ" ಅಂದ. ಹೊರಗಿದ್ದವನು ಕೇಳಿದ್ದು ಆರು ಸಾವಿರ. ದೊಡ್ಡಮ್ಮ ಚೀಲದಿಂದ ಪ್ಲಾಸ್ಟಿಕ್ ಕವರ್ ತೆಗೆದರು. ದುಡ್ಡು ಎಣಿಸಿಟ್ಟುಕೊಂಡೇ ಬಂದಿದ್ದರು. ನನಗೆ ಹೇಳಿರಲಿಲ್ಲ.

ಕೈ ಹಿಡಿದು, "ಬೇಡ, ಲೋಕಾಯುಕ್ತಕ್ಕೆ ದೂರು ಕೊಡೋಣ" ಅಂದೆ.

"ಬ್ಯಾಡಪ್ಪ. ನಾಳೆ ಬೆಳೆ ಪರಿಹಾರಕ್ಕೆ, ಹೊಲದ ಗಡಿ ಅಳೆಸೋ ಹದ್ದುಬಸ್ತಿಗೆ ಮತ್ತೆ ಇಲ್ಲಿಗೇ ಬರಬೇಕಲ್ಲ."

ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

"ಕೊಡೋರು ಇರೋದಕ್ಕೇ ತಗೊಳ್ಳೋರು ಇರೋದು" ಅಂತ ದಯವಿಟ್ಟು ಕಾಮೆಂಟ್ ಹಾಕಬೇಡಿ. ಕಾನೂನೂ ಹಾಗೇ ಹೇಳುತ್ತದೆ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿ ಪ್ರಕಾರ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ದೂರು ಕೊಡಬೇಕು. ಓದೋಕೆ ಬಾರದ ಹೆಂಗಸಿಗೆ 7 ದಿನದ ಗಡುವು. ಸಿಕ್ಕಿಬಿದ್ದ ನೌಕರನ ಮೇಲೆ ಕೋರ್ಟಿನಲ್ಲಿ ಕೇಸು ನಡೆಸಲು ಮಾತ್ರ ಸರ್ಕಾರದ ಅನುಮತಿಗೆ ಕಾಯಬೇಕು. ಇದು ಸರಿನಾ?

ದೂರು ಕೊಟ್ಟರೂ, ಲಂಚ ಕೇಳಿದವನನ್ನು ಹಿಡಿಯಲು ಕೊಡುವ ನೋಟನ್ನು ಸಾಮಾನ್ಯವಾಗಿ ಹೊಂದಿಸಿ ತರಬೇಕಾದವರು ನಾವೇ. ಅದಕ್ಕೆ ಪುಡಿ ಹಚ್ಚುತ್ತಾರೆ. ತಗೊಂಡವನ ಕೈ ತೊಳೆಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಮರುದಿನ ಪೇಪರಿನಲ್ಲಿ ಸುದ್ದಿ. ಆಮೇಲೆ ದೂರು ಕೊಟ್ಟವರು ವರ್ಷಗಟ್ಟಲೆ ಸಾಕ್ಷಿಗೆ ಅಲೆಯಬೇಕು. ಆ ಅಲೆದಾಟದಲ್ಲಿ ಅವರ ಜೊತೆ ಯಾರು ಇರುತ್ತಾರೆ ಹೇಳಿ? ನನ್ನ ಸಿಟ್ಟು ಇರುವುದು ಇಲ್ಲೇ. 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ (ಎಸಿಬಿ) ತಂದರು, 2022ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿ ಕೇಸುಗಳನ್ನು ಮತ್ತೆ ಲೋಕಾಯುಕ್ತಕ್ಕೆ ಕೊಟ್ಟಿತು. ದೂರು ಕೊಟ್ಟವರ ಒಂಟಿತನ ಮಾತ್ರ ಬದಲಾಗಲಿಲ್ಲ.

ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡಬೇಕು ಅನ್ನುವ ಸಕಾಲ ಕಾಯ್ದೆ ಇದೆಯಲ್ಲ ಅಂತೀರಾ? ತಡ ಮಾಡಿದರೆ ದಿನಕ್ಕೆ 20 ರೂಪಾಯಿ ಪರಿಹಾರ, ಹೆಚ್ಚೆಂದರೆ 500. ಆರು ಸಾವಿರ ಕೇಳುವವನು ಐನೂರಕ್ಕೆ ಹೆದರುತ್ತಾನಾ?

ಇನ್ನೊಂದು ಮಾತು ಇಲ್ಲಿವರೆಗೆ ಯಾರಿಗೂ ಹೇಳಿಲ್ಲ. ಮನೆ ಖಾತೆ ಮಾಡಿಸುವಾಗ ನಾನೂ ಕೊಟ್ಟಿದ್ದೇನೆ, ಮೂರು ಸಾವಿರ. ಓದಿದವನು, ಸಂಬಳ ಬರುವವನು, ಆದರೂ ಸುಮ್ನೆ ಕೊಟ್ಟು ಬಂದೆ. ಇವತ್ತು ದೊಡ್ಡಮ್ಮನ ಕೈ ಹಿಡಿದಾಗ ಅದೇ ನೆನಪಾಗಿ ನಾಚಿಕೆಯಾಯಿತು.

ದುಡ್ಡು ಕೊಡದೆ ವಾಪಸ್ ಬಂದೆವು. ದಾವಣಗೆರೆ ಬಸ್ ಸ್ಟ್ಯಾಂಡ್ ಬರುವವರೆಗೂ ದೊಡ್ಡಮ್ಮ ಮಾತಾಡಲಿಲ್ಲ. ಕೆಲಸ ಕೆಡಿಸಿದೆ ಅನ್ನೋ ಬೇಜಾರು ಅವರಿಗೆ.

ಸೋಮವಾರ ಲೋಕಾಯುಕ್ತ ಕಚೇರಿಗೆ ಹೋಗುತ್ತೇನೆ. ದೂರಿಗೆ ಸಹಿ ಹಾಕುವವನು ನಾನು, ದೊಡ್ಡಮ್ಮ ಅಲ್ಲ. ನಿಮ್ಮಲ್ಲಿ ಯಾರಾದರೂ ಇಂಥ ಕೇಸಿನಲ್ಲಿ ಸಾಕ್ಷಿ ಹೇಳಿದ್ದರೆ ಫೋನ್ ಮಾಡಿ. ರಾತ್ರಿ ಎಷ್ಟೊತ್ತಾದರೂ ಪರವಾಗಿಲ್ಲ.