ಆ ಕಥೆಯಲ್ಲಿ ಯುದ್ಧವೇ ಇಲ್ಲವಂತೆ

ವಿರಾಜಪೇಟೆಯಿಂದ ಮನೆಗೆ ಬಂದು ಎರಡು ಗಂಟೆಯಾಯಿತು, ಸಿಟ್ಟು ಇನ್ನೂ ಇಳಿದಿಲ್ಲ. ಕಾಲೇಜು ಮಕ್ಕಳ ಕಥಾಸ್ಪರ್ಧೆಗೆ ನಾವು ಮೂವರು ತೀರ್ಪುಗಾರರು. ವಿಷಯ ಯುದ್ಧ. ನನಗೆ ಎಲ್ಲಕ್ಕಿಂತ ಹಿಡಿಸಿದ ಕಥೆಯನ್ನು ಉಳಿದಿಬ್ಬರು ಮೊದಲ ಸುತ್ತಿನಲ್ಲೇ ಪಕ್ಕಕ್ಕಿಟ್ಟರು. “ಬರಹ ಚೆನ್ನಾಗಿದೆ, ಆದರೆ ಇದರಲ್ಲಿ ಯುದ್ಧವೇ ಇಲ್ಲವಲ್ಲ?”

ಕಥೆ ಇಷ್ಟು. 1959ರಲ್ಲಿ ಟಿಬೆಟ್ ಬಿಟ್ಟ ಹೆಂಗಸೊಬ್ಬಳು ಹಿಮಾಲಯದ ರಸ್ತೆಗಳಿಗೆ ಜಲ್ಲಿ ಒಡೆದು, ಕೊನೆಗೆ ಬೈಲಕುಪ್ಪೆ ಸೇರುತ್ತಾಳೆ. ಕಾಡು ಕಡಿದು ಜೋಳ ಬಿತ್ತುವ ಕೆಲಸ. ಏಪ್ರಿಲ್ ಬಿಸಿಲಿನಲ್ಲೂ ಮೈಮೇಲಿನ ದಪ್ಪ ಉಣ್ಣೆಯ ನಿಲುವಂಗಿಯನ್ನು ತೆಗೆಯುವುದಿಲ್ಲ. ಕುತ್ತಿಗೆಯ ಸುತ್ತ ಬೆವರುಗುಳ್ಳೆ. ಅದನ್ನು ಮಡಚಿ ಪೆಟ್ಟಿಗೆಗೆ ಹಾಕಿದರೆ ಇನ್ನು ಊರಿಗೆ ಮರಳುವುದಿಲ್ಲವೆಂದು ಒಪ್ಪಿಕೊಂಡಂತೆ ಎಂಬ ಭಯ ಅವಳಿಗೆ. ಮಗಳು ಹುಟ್ಟಿದ ಮೇಲೆ ಅದೇ ಅಂಗಿಯನ್ನು ಕತ್ತರಿಸಿ ಕೂಸಿಗೆ ಹಾಸುತ್ತಾಳೆ.

ಇದರಲ್ಲಿ ಯುದ್ಧವಿಲ್ಲವೇ?

1961ರಿಂದ ಆ ಜನ ನಮ್ಮ ಪಕ್ಕದಲ್ಲೇ ಇದ್ದಾರೆ. ಕುಶಾಲನಗರದಲ್ಲಿ ಕಾವೇರಿ ದಾಟಿ ಹೋಗುತ್ತೇವೆ, ಮಂದಿರದ ಮುಂದೆ ಫೋಟೊ ತೆಗೆಸಿಕೊಂಡು ಮೊಮೊ ತಿಂದು ಮರಳುತ್ತೇವೆ. ಅಂಗಡಿಯಲ್ಲಿ ಕುಳಿತ ಅಜ್ಜಿ ಹೇಗೆ ಬಂದರೆಂದು ನಾನೂ ಒಂದು ದಿನ ಕೇಳಲಿಲ್ಲ. ಈ ಹುಡುಗಿ ಕೇಳಿದ್ದಾಳೆ.

“ಇದು ಯೋಧರ ನಾಡು, ಇಲ್ಲಿ ಶೌರ್ಯಕ್ಕೇ ಮೊದಲ ಮಣೆ” ಎಂದರು ಒಬ್ಬರು. ಶೌರ್ಯಕ್ಕೆ ಕೈಮುಗಿಯುವವನೇ ನಾನೂ. ನಮ್ಮ ಮನೆಯ ಗೋಡೆಯ ಮೇಲೂ ಪದಕಗಳಿವೆ. ಆದರೆ ಯೋಧರ ಹೆಸರಿನಲ್ಲಿ ಈ ಮಾತು ಬೇಡ. 1953ರಲ್ಲಿ ಕೊರಿಯಾಕ್ಕೆ ಹೋದ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರ ಮುಂದೆ ನಿಂತವರು ಯಾರು? ತಾಯ್ನಾಡಿಗೆ ಮರಳಲು ಒಪ್ಪದ 22,000ಕ್ಕೂ ಹೆಚ್ಚು ಸೆರೆಯಾಳುಗಳು. ಗುಂಡಿನ ಸದ್ದು ಆಗಲೇ ನಿಂತಿತ್ತು. ಇವರು ಇನ್ನು ಎಲ್ಲಿಗೆ ಹೋಗಬೇಕು ಎಂಬುದೇ ಆ ಸೇನಾನಿಯ ಪಾಲಿಗೆ ಬಂದ ಕೆಲಸ.

ನನ್ನ ಅಪ್ಪ 1971ರಲ್ಲಿ ತ್ರಿಪುರಾ ಗಡಿಯಲ್ಲಿದ್ದರು. ಆ ವರ್ಷ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ಗಡಿ ದಾಟಿ ಬಂದರು. ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೋಳ್ದ್‌ಗೆ ಕೋವಿಯ ನಳಿಗೆಗೆ ತೋಕ್‌ಪೂ ಎಂಬ ಹೂವು ಸಿಕ್ಕಿಸಲೆಂದು ಅಪ್ಪ ಕೋವಿ ಒರೆಸುತ್ತ ಕುಳಿತಾಗ, ಯುದ್ಧದ ಕಥೆ ಹೇಳಿ ಎಂದು ಪೀಡಿಸುತ್ತಿದ್ದೆ. ಪ್ರತಿ ವರ್ಷವೂ ಒಂದೇ ಕಥೆ. ಅಡುಗೆಯ ಡೇರೆಯ ಬಳಿ ಒಬ್ಬ ಹೆಂಗಸು ಬಂದು ಉಪ್ಪು ಕೇಳಿದಳಂತೆ. ಗಂಟಿನಲ್ಲಿ ಅಕ್ಕಿ ಇತ್ತು, ಹೊರಡುವ ಗಡಿಬಿಡಿಯಲ್ಲಿ ಉಪ್ಪು ಮರೆತಿದ್ದಳು. ಅಡುಗೆಯವರು ಬೊಗಸೆ ತುಂಬ ಕೊಡಲು ಹೋದರೆ ಒಂದು ಚಿಟಿಕೆ ಮಾತ್ರ ತೆಗೆದುಕೊಂಡಳಂತೆ. ಇವತ್ತಿನ ರಾತ್ರಿಗೆ ಸಾಕು, ನಾಳೆ ಮನೆಗೆ ಹೋಗುತ್ತೇವಲ್ಲ ಎಂದಳಂತೆ. ಅಪ್ಪ ಅಲ್ಲಿಗೆ ನಿಲ್ಲಿಸಿ ಮತ್ತೆ ಕೋವಿ ಒರೆಸುತ್ತಿದ್ದರು.

ನನಗೆ ನಾಚಿಕೆಯಾಗುತ್ತಿತ್ತು. ಶಾಲೆಯಲ್ಲಿ ನನ್ನ ಅಪ್ಪ ಶತ್ರುವಿನ ಟ್ಯಾಂಕ್ ಒಡೆದರು ಎಂದು ಸುಳ್ಳು ಹೇಳಿದ್ದೆ. ಇದನ್ನು ಇದುವರೆಗೆ ಯಾರ ಬಳಿಯೂ ಹೇಳಿಕೊಂಡಿರಲಿಲ್ಲ. ಯುದ್ಧವೇ ಇಲ್ಲ ಎಂಬ ಇವತ್ತಿನ ಮಾತು ಐವತ್ತು ವರ್ಷಗಳ ಹಿಂದೆ ನಾನೇ ಅಪ್ಪನಿಗೆ ಹೇಳಿದ ಮಾತು.

ಫಲಿತಾಂಶದ ಹಾಳೆಗೆ ನಾನು ಸಹಿ ಹಾಕಿಲ್ಲ. ಬೆಳಿಗ್ಗೆ ಆ ಹುಡುಗಿಗೆ ಫೋನ್ ಮಾಡುತ್ತೇನೆ.