ಆ ಬೆಲೆ ಯಾವ ಷೇರಿನದು ಅಂತ ಮೊದಲು ಕೇಳಿ

ಮೊನ್ನೆಯಿಂದ ಮನಸ್ಸಿಗೆ ಸಮಾಧಾನ ಇಲ್ಲ. ಬರೆದರೆ ಸ್ವಲ್ಪ ಹಗುರಾಗುತ್ತದೆ ಅಂತ ಕೂತಿದ್ದೇನೆ.

ನಮ್ಮ ಅಕ್ಕೋರು ಗೊತ್ತಲ್ಲ, ಏಳನೇ ಕ್ಲಾಸಿನಲ್ಲಿ ನನಗೆ ಗಣಿತ ಕಲಿಸಿದವರು. ಇದನ್ನು ಓದುತ್ತಿರುವ ಇನ್ನೂ ನಾಲ್ಕೈದು ಜನರಿಗೆ ಕಲಿಸಿದ್ದಾರೆ. ಮೊನ್ನೆ ಸೂಪರ್ ಮಾರ್ಕೆಟ್ ಏರಿಯಾದ ನನ್ನ ಆಫೀಸಿಗೆ ಬಂದಿದ್ದರು. ಮನೆ ಮೇಲೆ ಸ್ಲ್ಯಾಬ್ ಹಾಕಿಸಲು ಹೋದ ವರ್ಷ ಷೇರು ಮಾರಿದ್ದಾರೆ, ಅದಕ್ಕೆ ಆದಾಯ ತೆರಿಗೆ ರಿಟರ್ನ್ ತುಂಬಬೇಕು. ಜೊತೆಗೆ ತಂಗಿಯ ಮಗ. ಒಳ್ಳೆಯ ಹುಡುಗ, ಓದಿದವನು. ಲೆಕ್ಕವನ್ನೆಲ್ಲ ತಾನೇ ಹಾಕಿ, ಪ್ರಿಂಟ್ ತೆಗೆದುಕೊಂಡು ಬಂದಿದ್ದ. "ಕಾಕಾ, ನೀವು ಬರೀ ತುಂಬಿದ್ರ ಸಾಕು" ಅಂದ.

ಕಂಪನಿಯ ಹೆಸರು ಬೇಡ. ಅಕ್ಕೋರು 2006ರಲ್ಲಿ 300 ಷೇರು ಕೊಂಡಿದ್ದರು, ಒಂದಕ್ಕೆ 180 ರೂಪಾಯಿಯಂತೆ. 2018ರ ಜನವರಿ ಆದ ಮೇಲೆ ಒಂದಕ್ಕೆ ಒಂದು ಬೋನಸ್ ಬಂತು, ಅಂದರೆ ಇದ್ದ ಒಂದೊಂದು ಷೇರಿಗೆ ಇನ್ನೊಂದು ಪುಕ್ಕಟೆ. 600 ಆದವು. ಅದರಲ್ಲಿ 300 ಮಾರಿದರು, ಒಂದಕ್ಕೆ 1,500 ರೂಪಾಯಿಯಂತೆ.

ಹಳೆಯ ಷೇರುಗಳಿಗೆ ಒಂದು ಅನುಕೂಲ ಇದೆ. 2018ರ ಜನವರಿ 31ರವರೆಗೆ ಏರಿದ ಲಾಭಕ್ಕೆ ತೆರಿಗೆ ಇಲ್ಲ. ಅದಕ್ಕಾಗಿ ಅವತ್ತು ಷೇರುಪೇಟೆಯಲ್ಲಿ ಆ ಷೇರು ಮುಟ್ಟಿದ ಅತಿ ಹೆಚ್ಚಿನ ಬೆಲೆಯನ್ನು ನಿಮ್ಮ ಖರೀದಿ ಬೆಲೆ ಅಂತ ಹಿಡಿಯಬಹುದು. ಮಾರಿದ ಬೆಲೆ ಅದಕ್ಕಿಂತ ಕಡಿಮೆ ಇದ್ದರೆ ಮಾತ್ರ ಲೆಕ್ಕ ಬೇರೆ. ಅಕ್ಕೋರ ಷೇರು ಅವತ್ತು 1,000 ರೂಪಾಯಿ ಮುಟ್ಟಿತ್ತು. ಹುಡುಗ ಬರೆದದ್ದು 500.

"500 ಎಲ್ಲಿಂದ ಬಂತಪಾ?" ಅಂತ ಕೇಳಿದೆ. ಫೋನ್ ತೆಗೆದು ಚಾರ್ಟ್ ತೋರಿಸಿದ. "ನೋಡ್ರಿ ಕಾಕಾ, ಜನವರಿ 31, 2018. ಇಲ್ಲೇ ಐತಲ್ಲ."

ಹೌದು, ಅಲ್ಲೇ ಇದೆ. ಆದರೆ ಅವತ್ತು ಆ ಷೇರನ್ನು 500 ರೂಪಾಯಿಗೆ ಯಾರೂ ಕೊಂಡಿಲ್ಲ, ಯಾರೂ ಮಾರಿಲ್ಲ. ಆಮೇಲೆ ಬೋನಸ್ ಬಂದು ಒಂದು ಷೇರು ಎರಡಾಯಿತು. ಚಾರ್ಟ್‌ನ ಗೆರೆ ಮಧ್ಯದಲ್ಲಿ ಕಡಿದು ಬೀಳಬಾರದು ಅಂತ ಹಿಂದಿನ ಬೆಲೆಗಳನ್ನೆಲ್ಲ ಎರಡರಿಂದ ಭಾಗಿಸಿ ತೋರಿಸುತ್ತಾರೆ. ಗೆರೆ ನೋಡುವುದಕ್ಕೆ ಅದು ಸರಿ. ತೆರಿಗೆ ಲೆಕ್ಕಕ್ಕೆ ತಪ್ಪು. ಮೊದಲು ಕೊಂಡದ್ದು ಮೊದಲು ಮಾರಿದಂತೆ ಅನ್ನುವುದು ಡಿಮ್ಯಾಟ್‌ನ, ಅಂದರೆ ಷೇರು ಇಡುವ ಖಾತೆಯ, ನಿಯಮ. ಹಾಗಾಗಿ ಮಾರಿದ್ದು ಮೂಲ 300. ಅವುಗಳ ಬೆಲೆ 1,000ವೇ. ಬೋನಸ್ ಬಂದ 300ಕ್ಕೆ ಖರೀದಿ ಬೆಲೆ ಸೊನ್ನೆ. ಅವನ್ನು ಮುಂದೆ ಮಾರಿದಾಗ ಅದರ ಲೆಕ್ಕ ಬೇರೆ ಬರುತ್ತದೆ.

ಹುಡುಗನ ಲೆಕ್ಕದಲ್ಲಿ ಲಾಭ 3 ಲಕ್ಷ. ನಿಜವಾದ ಲಾಭ 1.5 ಲಕ್ಷ. ಮೊದಲ 1.25 ಲಕ್ಷಕ್ಕೆ ತೆರಿಗೆ ಇಲ್ಲ, ಮೇಲಿನದಕ್ಕೆ 12.5%. ಅವನ ಪ್ರಕಾರ ತೆರಿಗೆ 21,875 ರೂಪಾಯಿ. ಕಟ್ಟಬೇಕಾದದ್ದು 3,125, ಸೆಸ್ ಬೇರೆ. ಪಿಂಚಣಿಯಲ್ಲಿ ಬದುಕುವ ಅಕ್ಕೋರು ಸುಮ್ನೆ 18,750 ರೂಪಾಯಿ ಜಾಸ್ತಿ ಕಟ್ಟುತ್ತಿದ್ದರು. ಯಾಕೆ? ಫೋನಿನಲ್ಲಿ ಇತ್ತು ಅಂತ!

ನನಗೆ ಸಿಟ್ಟು ಬಂದದ್ದು ಹುಡುಗನ ಮೇಲಲ್ಲ. ಇದನ್ನು ದಿನಾ ನೋಡುತ್ತಿದ್ದೇನೆ. ಹಳೆಯ ಬೆಲೆ ಅಂತ ಒಂದು ಅಂಕಿ ಕಂಡರೆ ಸಾಕು, ಅದು ಏನು ಅಂತ ಯಾರೂ ಕೇಳುವುದಿಲ್ಲ. ಇದು ಅವತ್ತು ನಡೆದ ಬೆಲೆಯೋ, ಆಮೇಲೆ ತಿದ್ದಿದ ಬೆಲೆಯೋ? ಇಷ್ಟು ಕೇಳಲು ಎಷ್ಟು ಹೊತ್ತು ಬೇಕು?

ನಮ್ಮ ಗಂಜ್‌ನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ಹೀಗೆ ಆಗುತ್ತಿತ್ತಾ ಹೇಳಿ. ಇಂದಿನ ತನಕ ತೊಗರಿ ಚೀಲ ಅಂದರೆ 100 ಕೆಜಿ, ನಾಳೆಯಿಂದ 50 ಕೆಜಿ ಅಂತ ಇಟ್ಟುಕೊಳ್ಳಿ. ಚೀಲದ ಭಾವ ಅರ್ಧ ಆದರೆ ಯಾರಾದರೂ ಎದೆ ಹಿಡಿದುಕೊಂಡು ಕೂರುತ್ತಾರಾ? ಹಮಾಲರಿಂದ ಹಿಡಿದು ಅಡತಿ ಅಂಗಡಿಯವರ ತನಕ ಎಲ್ಲರೂ ಮೊದಲು ಕೇಳುವುದು, ಚೀಲ ಎಷ್ಟರದು ಅಂತ. ತೊಗರಿಗೆ ಇಷ್ಟು ಚೊಕ್ಕ ಕೇಳುವ ನಮ್ಮೂರ ಜನ ಷೇರಿಗೆ ಯಾಕೆ ಕೇಳುವುದಿಲ್ಲ?

ಇದನ್ನು ಬರೆಯುವಾಗ ನನ್ನದೂ ಒಂದು ಹೇಳಲೇಬೇಕು. ನನ್ನ ಸೋದರಮಾವನ ಹತ್ತಿರ ಒಂದು ಕಂಪನಿಯ ಷೇರಿದ್ದವು. ಒಂದು ದಿನ ಬೆಳಗ್ಗೆ ಫೋನ್ ಮಾಡಿ, "ನಂದು ಅರ್ಧ ರೊಕ್ಕ ಹೋಯ್ತೇನಪಾ?" ಅಂತ ಕೇಳಿದರು. ನಾನು ಬೆಲೆ ನೋಡಿದೆ. ಅರ್ಧ ಆಗಿತ್ತು. ಕೆಲಸದ ಗಡಿಬಿಡಿಯಲ್ಲಿ "ಹೌದು ಮಾಮಾ, ಬಿದ್ದಾವ" ಅಂದುಬಿಟ್ಟೆ. ಅವತ್ತು ಬೋನಸ್‌ಗೆ ಬೆಲೆ ಇಳಿದ ದಿನ. ಹೊಸ ಷೇರು ಡಿಮ್ಯಾಟ್‌ಗೆ ಬರಲು ಆಗ ಕೆಲವು ದಿನ ಬೇಕಿತ್ತು. ಅಷ್ಟು ದಿನ ಬೆಲೆ ಅರ್ಧ, ಷೇರು ಮಾತ್ರ ಮೊದಲಿನಷ್ಟೇ ಕಾಣುತ್ತಿತ್ತು. ಆ ಅಷ್ಟೂ ದಿನ ಮಾವ ನಿದ್ದೆ ಮಾಡಲಿಲ್ಲ. ಅತ್ತೆ ಆಮೇಲೆ ಹೇಳಿದರು, ರಾತ್ರಿ ಎದ್ದು ಅಂಗಳದಲ್ಲಿ ಓಡಾಡುತ್ತಿದ್ದರಂತೆ. ಮಾವ ಈಗ ಇಲ್ಲ. ಎರಡು ನಿಮಿಷ ಕಂಪನಿಯ ಪ್ರಕಟಣೆ ನೋಡಿದ್ದರೆ ಸಾಕಿತ್ತು. ಆ ನೋವು ನನಗೆ ಇವತ್ತಿಗೂ ಇದೆ. ಅದಕ್ಕೇ ಈ ವಿಷಯದಲ್ಲಿ ನನ್ನ ದನಿ ಜೋರಾಗುತ್ತದೆ.

ಇನ್ನೊಂದು ಕಡೆ ಈ ತಿದ್ದಿದ ಬೆಲೆಯನ್ನೇ ತೋರಿಸಿ ಆಸೆ ಹುಟ್ಟಿಸುವವರಿದ್ದಾರೆ. "ಇನ್ಫೋಸಿಸ್ ಷೇರು ಒಂಬತ್ತು ಪೈಸೆ ಇತ್ತು" ಅಂತ ವಾಟ್ಸಾಪ್‌ನಲ್ಲಿ ಬರುತ್ತದಲ್ಲ. ಒಂಬತ್ತು ಪೈಸೆಗೆ ಅದು ಯಾವತ್ತೂ ಸಿಕ್ಕಿಲ್ಲ. 1993ರಲ್ಲಿ ಕಂಪನಿ ಷೇರು ಕೊಟ್ಟದ್ದು 95 ರೂಪಾಯಿಗೆ. ಕೊಡಲು ಇಟ್ಟ ಅಷ್ಟೂ ಷೇರಿಗೆ ಆಗ ಜನ ಪೂರ್ತಿ ಅರ್ಜಿ ಹಾಕಿರಲೂ ಇಲ್ಲ. 100 ಷೇರಿಗೆ 9,500 ರೂಪಾಯಿ, ಆ ಕಾಲಕ್ಕೆ ಸಣ್ಣ ಮೊತ್ತವಲ್ಲ. ಆಮೇಲೆ 1994, 1997, 1999ರಲ್ಲಿ ಒಂದಕ್ಕೆ ಒಂದು ಬೋನಸ್. ಒಂದು ಸಲ ಸ್ಪ್ಲಿಟ್, ಅಂದರೆ ಒಂದು ಷೇರನ್ನು ಎರಡಾಗಿ ಒಡೆದರು, 10 ರೂಪಾಯಿ ಮುಖಬೆಲೆ 5 ಆಯಿತು. 2004ರಲ್ಲಿ ಒಂದಕ್ಕೆ ಮೂರು. 2006, 2014, 2015, 2018ರಲ್ಲಿ ಮತ್ತೆ ಒಂದಕ್ಕೆ ಒಂದು. ಗುಣಿಸುತ್ತಾ ಹೋಗಿ, 100 ಷೇರು 1,02,400 ಆಗುತ್ತವೆ. ಆ 9,500ನ್ನು ಇದರಿಂದ ಭಾಗಿಸಿದರೆ ಒಂಬತ್ತು ಪೈಸೆ. ಅದು ಲೆಕ್ಕದಲ್ಲಿ ಹುಟ್ಟಿದ ಬೆಲೆ. ನಿಜವಾದ ಕತೆ ಇರುವುದು ಆ ಗುಣಾಕಾರದಲ್ಲಿ, 25 ವರ್ಷ ಮಾರದೆ ಇಟ್ಟುಕೊಂಡವರ ತಾಳ್ಮೆಯಲ್ಲಿ. ಅದನ್ನು ಬಿಟ್ಟು ಪೈಸೆ ತೋರಿಸಿ, ಇವತ್ತು ಎರಡು ರೂಪಾಯಿಗೆ ಸಿಗುವ ಯಾವುದೋ ಷೇರು ಕೊಳ್ಳಿ ಅನ್ನುತ್ತಾರೆ. ನಮ್ಮ ಹುಡುಗರು ಕೊಳ್ಳುತ್ತಾರೆ. ಹೊಟ್ಟೆ ಉರಿಯುತ್ತದೆ.

ಅದೇ ಟೈರ್ ಕಂಪನಿ ಎಂಆರ್‌ಎಫ್ ನೋಡಿ. 2023ರ ಜೂನ್‌ನಲ್ಲಿ ಒಂದು ಷೇರು 1 ಲಕ್ಷ ರೂಪಾಯಿ ದಾಟಿತು. ಸ್ಪ್ಲಿಟ್ ಮಾಡಲಿಲ್ಲ, ಅದಕ್ಕೆ ಅಷ್ಟು ದೊಡ್ಡ ಅಂಕಿ. ಲಕ್ಷ ಅಂದರೆ ದುಬಾರಿ ಅಂತಲೂ ಅಲ್ಲ, ಎರಡು ರೂಪಾಯಿ ಅಂದರೆ ಅಗ್ಗ ಅಂತಲೂ ಅಲ್ಲ. ಚೀಲ ಎಷ್ಟರದು ಅಂತ ಕೇಳಬೇಕು, ಅಷ್ಟೇ.

"ಹಳೆಯ ಬೆಲೆ ಕಟ್ಟಿಕೊಂಡು ಏನು ಮಾಡುವುದು, ಆದದ್ದು ಆಯಿತು" ಅಂತ ಗೆಳೆಯರೊಬ್ಬರು ಹೇಳಿದರು. ಅರ್ಧ ಒಪ್ಪುತ್ತೇನೆ. ಹಳೆಯ ಬೆಲೆ ನಾಳೆಯ ಬೆಲೆ ಹೇಳುವುದಿಲ್ಲ. ಯೆಸ್ ಬ್ಯಾಂಕ್ ಷೇರು 2018ರ ಆಗಸ್ಟ್‌ನಲ್ಲಿ 400 ರೂಪಾಯಿ ಹತ್ತಿರ ಇತ್ತು. ಇಳಿಯುವಾಗ "400 ಇದ್ದದ್ದು, ಮತ್ತೆ ಬರುತ್ತದೆ" ಅಂತ 100ಕ್ಕೆ, 50ಕ್ಕೆ ಕೊಂಡವರು ಎಷ್ಟೋ ಜನ. 2020ರ ಮಾರ್ಚ್‌ನಲ್ಲಿ ಅದು 6 ರೂಪಾಯಿಗಿಂತ ಕೆಳಗೂ ಹೋಗಿ ಬಂತು. ನಮಗಿದು ಹೊಸದಲ್ಲ. 2015ರಲ್ಲಿ ತೊಗರಿ ಬೇಳೆ ಕೆಜಿಗೆ 200 ದಾಟಿತ್ತು. ಆ ಬೆಲೆ ನೆನಪಿಟ್ಟುಕೊಂಡು ಮುಂದಿನ ವರ್ಷ ನಮ್ಮ ರೈತರು ಮುಗಿಬಿದ್ದು ಬಿತ್ತಿದರು. ಮಳೆಯೂ ಆಯಿತು, ಬೆಳೆಯೂ ಬಂತು. 2017ರ ಆರಂಭದಲ್ಲಿ ಕ್ವಿಂಟಲ್‌ಗೆ 5,050ರ ಬೆಂಬಲ ಬೆಲೆಯೂ ಗಂಜ್‌ನಲ್ಲಿ ಸಿಗಲಿಲ್ಲ. ಖರೀದಿ ಕೇಂದ್ರದ ಮುಂದೆ ಸಾಲು ನಿಂತದ್ದನ್ನು ನಾವೆಲ್ಲ ನೋಡಿದ್ದೇವೆ.

ಆದರೆ ಅದಕ್ಕೆ ಹಳೆಯ ಬೆಲೆಯನ್ನೇ ನೋಡಬಾರದು ಅಂದರೆ ಒಪ್ಪಲಾರೆ. ಅದರಿಂದ ತೆರಿಗೆ ಲೆಕ್ಕ ಆಗುತ್ತದೆ. ಪಾಲು ಮಾಡಿಕೊಳ್ಳುವಾಗ ಬೇಕಾಗುತ್ತದೆ. ಕಷ್ಟದ ಕಾಲದಲ್ಲಿ ಈ ಕಂಪನಿ ಎಷ್ಟು ಬಿದ್ದಿತ್ತು, ಏಳಲು ಎಷ್ಟು ವರ್ಷ ಹಿಡಿಯಿತು ಅಂತ ತಿಳಿಯುತ್ತದೆ. ಷೇರುಪೇಟೆ ಕುಸಿದ 2008 ನೋಡಿ, 2020ರ ಮಾರ್ಚ್ ನೋಡಿ. ನಿಮಗೆ ಅಷ್ಟು ತಡೆದುಕೊಳ್ಳುವ ಶಕ್ತಿ ಇದೆಯಾ ಅಂತ ಕೊಳ್ಳುವ ಮೊದಲೇ ಗೊತ್ತಾಗುತ್ತದೆ.

ಬ್ರೋಕರ್ ಆ್ಯಪ್ ಎಲ್ಲ ಲೆಕ್ಕ ಕೊಡುತ್ತದೆ ಅನ್ನುವವರಿಗೂ ಒಂದು ಮಾತು. ಅಕ್ಕೋರು ನಡುವೆ ಬ್ರೋಕರ್ ಬದಲಿಸಿದ್ದರು. ಹೊಸ ಆ್ಯಪ್‌ನಲ್ಲಿ ಖರೀದಿ ಬೆಲೆಯ ಜಾಗ ಖಾಲಿ ಇತ್ತು. ಎಷ್ಟೋ ಹಳೆಯ ಷೇರುಗಳ ಗತಿ ಇದೇ.

ಆವತ್ತು ನಡೆದ ನಿಜವಾದ ಬೆಲೆ ಬೇಕಾದರೆ ಭಾವ್‌ಕಾಪಿ, ಅಂದರೆ ಷೇರುಪೇಟೆ ದಿನವೂ ಹೊರಡಿಸುವ ಬೆಲೆಪಟ್ಟಿ ನೋಡಿ. ಎನ್‌ಎಸ್‌ಇ, ಬಿಎಸ್‌ಇ ಎರಡೂ ಷೇರುಪೇಟೆಗಳ ವೆಬ್‌ಸೈಟ್‌ನಲ್ಲೂ ಪುಕ್ಕಟೆ ಸಿಗುತ್ತದೆ. ಎನ್‌ಎಸ್‌ಇಯಲ್ಲಿ ಷೇರು ವ್ಯವಹಾರ ಶುರುವಾದದ್ದೇ 1994ರ ನವೆಂಬರ್‌ನಲ್ಲಿ, ಅದಕ್ಕೂ ಹಿಂದಿನದನ್ನು ಅಲ್ಲಿ ಹುಡುಕಬೇಡಿ. ಭಾವ್‌ಕಾಪಿಯಲ್ಲಿ ದಿನದ ಮೊದಲ ಬೆಲೆ, ಮೇಲಿನ ಬೆಲೆ, ಕೆಳಗಿನ ಬೆಲೆ, ಮುಕ್ತಾಯದ ಬೆಲೆ, ಎಷ್ಟು ಷೇರು ಕೈ ಬದಲಾದವು ಎಲ್ಲ ಇರುತ್ತದೆ. ಎಪಿಎಂಸಿಯ ಕನಿಷ್ಠ, ಗರಿಷ್ಠ, ಮಾದರಿ ಬೆಲೆ, ಆವಕ ಓದಲು ಬರುವವರಿಗೆ ಇದೇನು ಕಷ್ಟ ಅಲ್ಲ. ಜೊತೆಗೆ ಬೋನಸ್, ಸ್ಪ್ಲಿಟ್, ಕಂಪನಿ ಒಡೆದು ಎರಡಾದ ದಿನಾಂಕಗಳನ್ನು ಬರೆದುಕೊಳ್ಳಿ. 2025ರ ಜನವರಿಯಲ್ಲಿ ಐಟಿಸಿಯಿಂದ ಹೋಟೆಲ್ ವ್ಯವಹಾರ ಬೇರೆಯಾಯಿತು. ಅವತ್ತು ಐಟಿಸಿ ಬೆಲೆ ಇಳಿದದ್ದರಲ್ಲಿ ಹೋಟೆಲ್ ಷೇರಿನ ಪಾಲೂ ಇತ್ತು. ಚಾರ್ಟ್ ಒಂದನ್ನೇ ನೋಡಿದರೆ ಇದು ತಿಳಿಯುವುದಿಲ್ಲ.

ಮೊನ್ನೆ ಆ ಹುಡುಗನ ಮುಂದೆಯೇ 2018ರ ಜನವರಿ 31ರ ಭಾವ್‌ಕಾಪಿ ತೆಗೆದು ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನೆ ನೋಡಿದ. ಆಮೇಲೆ ತಾನೇ ಪೆನ್ನು ತೆಗೆದು 500 ಹೊಡೆದು 1,000 ಬರೆದ. ಅಕ್ಕೋರು ಕನ್ನಡಕ ಏರಿಸಿ ಇಡೀ ಲೆಕ್ಕವನ್ನು ಮೊದಲಿನಿಂದ ಮತ್ತೆ ಮಾಡಿದರು, ನಮ್ಮಿಬ್ಬರನ್ನೂ ನಂಬದೆ. ಸರಿ ಬಂತು. "ಆ 2006ರ ಕಾಂಟ್ರಾಕ್ಟ್ ನೋಟ್ ಇನ್ನೂ ಟ್ರಂಕಿನ್ಯಾಗ ಐತಿ ತಮ್ಮಾ, ತರಲೇನು?" ಅಂದರು. ಷೇರು ಕೊಂಡಾಗ ಬ್ರೋಕರ್ ಕೊಟ್ಟ ಚೀಟಿ ಅದು. ತನ್ರಿ ಅಂದೆ. ಸೋಮವಾರ ಬರುತ್ತಾರೆ.