ಪಿಎಂ ಕಿಸಾನ್ ದುಡ್ಡು ಎಕರೆ ಲೆಕ್ಕದಲ್ಲಿ ಬರಲ್ಲ

ಗಂಡ-ಹೆಂಡತಿ ಇಬ್ಬರ ಹೆಸರಲ್ಲೂ ಪಹಣಿ ಇದ್ದರೆ ಇಬ್ಬರಿಗೂ ಪಿಎಂ ಕಿಸಾನ್ ದುಡ್ಡು ಸಿಗುತ್ತದೆ, ಎಕರೆ ಜಾಸ್ತಿ ಇದ್ದಷ್ಟೂ ಜಾಸ್ತಿ ಬರುತ್ತದೆ ಅಂತ ಒಂದು ವಾಟ್ಸಾಪ್ ಸಂದೇಶ ಓಡಾಡುತ್ತಿದೆ. ಎರಡೂ ತಪ್ಪು.

ಕೇಂದ್ರ ಸರ್ಕಾರದ ಈ ಯೋಜನೆಯಲ್ಲಿ ಗಂಡ, ಹೆಂಡತಿ, 18 ತುಂಬದ ಮಕ್ಕಳು ಸೇರಿ ಒಂದೇ ಕುಟುಂಬ. ಆ ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿ, 2,000ದ ಮೂರು ಕಂತು, ಅಷ್ಟೇ. ಅರ್ಧ ಎಕರೆ ರಾಗಿ ಹೊಲ ಇದ್ದವರಿಗೂ ಇಪ್ಪತ್ತು ಎಕರೆ ತೋಟದವರಿಗೂ ಅದೇ ದುಡ್ಡು. 2019ರಲ್ಲಿ ಶುರುವಾದಾಗ ಎರಡು ಹೆಕ್ಟೇರ್ (ಸುಮಾರು ಐದು ಎಕರೆ) ಒಳಗಿನ ಜಮೀನಿನವರಿಗೆ ಮಾತ್ರ ಅನ್ನೋ ಮಿತಿ ಇತ್ತು, ಅದೇ ವರ್ಷ ತೆಗೆದರು. ಗೊಂದಲ ಅಲ್ಲಿಂದಲೇ ಹುಟ್ಟಿರಬೇಕು.

ಇದರ ಜೊತೆ ರಾಜ್ಯದ 4,000 ಸೇರಿ ಈಗಲೂ 10,000 ಬರುತ್ತದೆ ಅನ್ನೋದೂ ಹಳೇ ಕಥೆ. ಆ ಕಂತು 2023ರಲ್ಲೇ ನಿಂತಿದೆ.

ಆದಾಯ ತೆರಿಗೆ ಕಟ್ಟುವವರಿಗೆ ಪಿಎಂ ಕಿಸಾನ್ ಇಲ್ಲ. ಪಹಣಿಯಲ್ಲಿ ಹೆಸರಿಲ್ಲದ ಗುತ್ತಿಗೆ ರೈತರಿಗೂ ಇಲ್ಲ. ಬೆವರು ಸುರಿಸುವವರೇ ಅವರು, ಅಲ್ವಾ? ನನಗಂತೂ ಇದು ಸರಿ ಕಾಣಲ್ಲ.

ಕಂತು ನಿಂತಿದ್ದರೆ ಸುಮ್ನೆ ಸಂದೇಶ ಫಾರ್ವರ್ಡ್ ಮಾಡಬೇಡಿ. ಇ-ಕೆವೈಸಿ (ಆಧಾರ್ ಮೂಲಕ ಗುರುತು ಖಚಿತಪಡಿಸೋದು) ಆಗಿದೆಯಾ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಇದೆಯಾ ನೋಡಿ. ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.